ನಡುದಾರಿಯಲ್ಲಿ ರ್‍ಯಾಂಕ್ ಕೊಡುವುದು ನ್ಯಾಯವೇ?



ನಮ್ಮ ಕನ್ನಡದಲ್ಲಿ ‘ಗೆದ್ದಳು’ ಎಂದರೆ ಕೆಲಸ ಮುಗಿದಿದೆ, ಫಲ ಕೈಗೆ ಬಂದಿದೆ ಎಂದರ್ಥ. ಅದೇ ಮಾತನ್ನು ಒಂದಿಷ್ಟು ಎಳೆದು ‘ಗೆದ್ದಾಳು’ ಎಂದರೆ ಅದು ಬರೀ ಊಹೆ. ಗೆದ್ದರೂ ಗೆಲ್ಲಬಹುದು, ಗೆಲ್ಲದೆಯೂ ಇರಬಹುದು. ಆಗಿಹೋದದ್ದಕ್ಕೂ ಆಗಬಹುದಾದದ್ದಕ್ಕೂ ನಡುವೆ ನಮ್ಮ ಭಾಷೆ ಇಟ್ಟಿರುವ ಅಂತರ ಒಂದೇ ಒಂದು ದೀರ್ಘ. ಬಾಯಲ್ಲಿ ಅದು ಸಣ್ಣದು, ಬದುಕಿನಲ್ಲಿ ದೊಡ್ಡದು. ಒಬ್ಬ ಮನುಷ್ಯನಿಗೆ ಅವನ ಓಟ ಇನ್ನೂ ಅರ್ಧ ಇರುವಾಗಲೇ ಸ್ಥಾನ ಕಟ್ಟುವುದು ಸರಿಯೇ? ಈ ಪ್ರಶ್ನೆಯನ್ನು ಇಂದು ಒಂದು ದೂರದ ಆಟದ ಮೂಲಕ ನೋಡೋಣ. ದೂರದ್ದಾದರೆ ನಮಗೆ ಪಕ್ಷಪಾತ ಕಡಿಮೆ, ನೋಟ ಸ್ವಲ್ಪ ತಿಳಿಯಾಗಿರುತ್ತದೆ.

ಆ ಆಟದ ಹೆಸರು ಫಿಗರ್ ಸ್ಕೇಟಿಂಗ್. ಮಂಜುಗಡ್ಡೆಯ ಅಂಗಳದಲ್ಲಿ, ಪಾದರಕ್ಷೆಯ ಕೆಳಗೆ ತೆಳ್ಳನೆಯ ಉಕ್ಕಿನ ಅಲಗು ಕಟ್ಟಿಕೊಂಡು, ಸಂಗೀತಕ್ಕೆ ತಕ್ಕಂತೆ ಜಾರುತ್ತಾ, ಗಿರಗಿರನೆ ತಿರುಗುತ್ತಾ, ಗಾಳಿಯಲ್ಲಿ ಜಿಗಿಯುತ್ತಾ ಆಡುವ ಆಟ. ಮಹಿಳೆಯರ ವಿಭಾಗದಲ್ಲಿ ಒಬ್ಬೊಬ್ಬಳೂ ಎರಡು ಬಾರಿ ಅಂಗಳಕ್ಕೆ ಇಳಿಯುತ್ತಾಳೆ: ಮೊದಲು ಸುಮಾರು 2 ನಿಮಿಷ 40 ಸೆಕೆಂಡಿನ ಕಿರು ಪ್ರದರ್ಶನ, ಆಮೇಲೆ ಸುಮಾರು 4 ನಿಮಿಷದ ದೀರ್ಘ ಪ್ರದರ್ಶನ. ಎರಡರ ಅಂಕ ಕೂಡಿಸಿ ಸ್ಥಾನ ನಿರ್ಧಾರ.

ಈ ಆಟದ ವರ್ಷ ಜುಲೈ 1ಕ್ಕೆ ಆರಂಭವಾಗಿ ಮರುವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಆರು ಗ್ರ್ಯಾನ್ ಪ್ರಿ ಸ್ಪರ್ಧೆಗಳು ನಡೆಯುತ್ತವೆ. ಅವುಗಳಲ್ಲಿ ಹೆಚ್ಚು ಅಂಕ ಪಡೆದ ಆರು ಜನ ಡಿಸೆಂಬರಿನ ಫೈನಲ್‌ಗೆ ಹೋಗುತ್ತಾರೆ. ವಿಶ್ವ ಚಾಂಪಿಯನ್‌ಶಿಪ್ ನಡೆಯುವುದು ಮಾರ್ಚಿನಲ್ಲಿ. ಡಿಸೆಂಬರ್ ಎಂದರೆ ಹಂಗಾಮಿನ ನಡುಭಾಗ. ಹೊಲದಲ್ಲಿ ಪೈರು ನಿಂತಿದೆ, ಕಣಕ್ಕೆ ಇನ್ನೂ ಬಂದಿಲ್ಲ. ಪತ್ರಕರ್ತರು, ತಜ್ಞರು, ಅಭಿಮಾನಿಗಳು ತಮ್ಮ ತಮ್ಮ ‘ಅಗ್ರ ಹತ್ತು’ ಪಟ್ಟಿಗಳನ್ನು ಹೊರಡಿಸುವುದು ಈ ಹೊತ್ತಿಗೇ.

2024ರ ಡಿಸೆಂಬರನ್ನು ತೆಗೆದುಕೊಳ್ಳೋಣ. ಅಮೆರಿಕದ ಅಂಬರ್ ಗ್ಲೆನ್ ಆ ವರ್ಷ ಫ್ರಾನ್ಸ್ ಮತ್ತು ಚೀನಾದ ಗ್ರ್ಯಾನ್ ಪ್ರಿ ಎರಡನ್ನೂ ಗೆದ್ದಿದ್ದಳು. ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗುವ ಟ್ರಿಪಲ್ ಆಕ್ಸೆಲ್ ಎಂಬ ಜಿಗಿತ ಮಹಿಳೆಯರಲ್ಲಿ ಕೆಲವರಿಗಷ್ಟೇ ಸಾಧ್ಯ, ಅದು ಅವಳ ಕೈವಶವಿತ್ತು. ಜಪಾನಿನ ಕವೋರಿ ಸಕಮೋಟೊ 2022, 2023, 2024ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದವಳು. ಅವಳೂ ತನ್ನ ಎರಡು ಗ್ರ್ಯಾನ್ ಪ್ರಿ ಗೆದ್ದು ಬಂದಿದ್ದಳು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಗ್ಲೆನ್ ಮೊದಲು, ಜಪಾನಿನ ಮೋನೆ ಚಿಬಾ ಎರಡನೆಯವಳು, ಸಕಮೋಟೊ ಮೂರನೆಯವಳು. ಆರು ಜನರಲ್ಲಿ ಐವರು ಜಪಾನಿನವರು, ಒಬ್ಬಳು ಅಮೆರಿಕದವಳು. ಅಂದು ಪಟ್ಟಿ ಬರೆದವರು ಗ್ಲೆನ್, ಸಕಮೋಟೊ, ಚಿಬಾ ಎಂದು ಬರೆದಿದ್ದರೆ ಅವರನ್ನು ಯಾರೂ ತಪ್ಪು ಎನ್ನಲಾರರು. ಕಣ್ಣಿಗೆ ಕಂಡದ್ದನ್ನೇ ಅವರು ಬರೆದಂತಾಯಿತು.

ಆ ಆರರಲ್ಲಿ ಇಲ್ಲದ ಒಬ್ಬಳಿದ್ದಳು, ಅಲಿಸಾ ಲಿಯು. 2019ರಲ್ಲಿ 13ನೆಯ ವಯಸ್ಸಿಗೇ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ ಹುಡುಗಿ. 2022ರ ಬೀಜಿಂಗ್ ಒಲಿಂಪಿಕ್ಸ್ ಆಡಿ, ಅದೇ ವರ್ಷ ವಿಶ್ವ ಸ್ಪರ್ಧೆಯಲ್ಲಿ ಕಂಚು ಪಡೆದು, ಏಪ್ರಿಲ್‌ನಲ್ಲಿ, ಇನ್ನೂ 16ರಲ್ಲೇ, ಆಟಕ್ಕೆ ವಿದಾಯ ಹೇಳಿದಳು. ಕಾಲೇಜಿಗೆ ಸೇರಿ ಮನಶ್ಶಾಸ್ತ್ರ ಓದತೊಡಗಿದಳು. ಎರಡು ವರ್ಷ ಕಳೆದು 2024ರಲ್ಲಿ ಮರಳಿ ಬಂದಳು. ಆ ಹಂಗಾಮಿನ ಕೆನಡಾ ಸ್ಪರ್ಧೆಯಲ್ಲಿ ಅವಳಿಗೆ 6ನೆಯ ಸ್ಥಾನ, ಜಪಾನಿನಲ್ಲಿ 4ನೆಯ ಸ್ಥಾನ. ಗ್ರ್ಯಾನ್ ಪ್ರಿಯಲ್ಲಿ ಮೊದಲ ಸ್ಥಾನಕ್ಕೆ 15, ನಾಲ್ಕಕ್ಕೆ 9, ಆರಕ್ಕೆ 5 ಅಂಕ. ಗ್ಲೆನ್‌ಳ ಬಳಿ 30 ಇದ್ದಾಗ ಲಿಯುವಿನ ಬಳಿ ಇದ್ದದ್ದು 14. ಫೈನಲ್ ಬಾಗಿಲು ಅವಳಿಗೆ ತೆರೆಯಲಿಲ್ಲ. ಫೆಬ್ರವರಿಯಲ್ಲಿ ಸೋಲ್ ನಗರದ ನಾಲ್ಕು ಖಂಡಗಳ ಸ್ಪರ್ಧೆಯಲ್ಲೂ ಅವಳು ಪದಕದ ಹೊರಗೆ, 4ನೆಯವಳು.

ಮಾರ್ಚ್ ಬಂತು, ಬಾಸ್ಟನ್ ನಗರದಲ್ಲಿ ವಿಶ್ವ ಸ್ಪರ್ಧೆ. ಅಲಿಸಾ ಲಿಯು 222.97 ಅಂಕದೊಂದಿಗೆ ಚಿನ್ನ ಗೆದ್ದಳು. ಸಕಮೋಟೊಗೆ 217.98, ಬೆಳ್ಳಿ. ಚಿಬಾಗೆ 215.24, ಕಂಚು. ಅಮೆರಿಕದ ಮಹಿಳೆಯೊಬ್ಬಳು ವಿಶ್ವ ಚಾಂಪಿಯನ್ ಆದದ್ದು 2006ರ ನಂತರ ಅದೇ ಮೊದಲು. ಅಂಬರ್ ಗ್ಲೆನ್ ಕಿರು ಪ್ರದರ್ಶನದಲ್ಲಿ ತನ್ನ ಪ್ರಸಿದ್ಧ ಟ್ರಿಪಲ್ ಆಕ್ಸೆಲ್‌ನಲ್ಲೇ ಜಾರಿಬಿದ್ದು ಒಂಬತ್ತಕ್ಕೆ ಇಳಿದಳು. ಮತ್ತೆ ಎದ್ದು ಐದಕ್ಕೆ ಏರಿದಳು.

ಹಾಗಾದರೆ ಡಿಸೆಂಬರಿನ ಪಟ್ಟಿ ಸುಳ್ಳಾಗಿತ್ತೇ? ‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು’ ಎಂದು ನಕ್ಕು ಬಿಡುವುದು ಸುಲಭ. ಆದರೆ ಅದು ಪೂರ್ತಿ ನ್ಯಾಯವಲ್ಲ. ಆ ಪಟ್ಟಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗ್ಲೆನ್ ನಿಜಕ್ಕೂ ಗೆದ್ದಿದ್ದಳು, ಲಿಯು ನಿಜಕ್ಕೂ ಆರನೆಯವಳಾಗಿದ್ದಳು. ತಪ್ಪು ನುಸುಳುವುದು ಬೇರೆ ಕಡೆ. ಪಟ್ಟಿ ಎಂಬುದು ಯಾವುದೋ ಒಂದು ಪ್ರಶ್ನೆಗೆ ಉತ್ತರ. ‘ಇವರು ಇಲ್ಲಿಯವರೆಗೆ ಏನು ಮಾಡಿದ್ದಾರೆ?’ ಎಂಬುದು ಮೊದಲನೆಯ ಪ್ರಶ್ನೆ. ‘ಮುಂದೆ ಏನು ಮಾಡಿಯಾರು?’ ಎಂಬುದು ಎರಡನೆಯದು. ‘ಇವರ ಯೋಗ್ಯತೆ ಏನು?’ ಎಂಬುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ದಾಖಲೆಯಲ್ಲಿದೆ. ಎರಡನೆಯದಕ್ಕೆ ಇರುವುದು ಅಂದಾಜು ಮಾತ್ರ. ಮೂರನೆಯದಕ್ಕೆ ಯಾವ ಪಟ್ಟಿಯೂ ಉತ್ತರ ಕೊಡಲಾರದು. ಆದರೂ ನಾವು ಮೊದಲ ಪ್ರಶ್ನೆಯ ಉತ್ತರವನ್ನು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಎರಡನೆಯದಕ್ಕೆ ದಾಟಿ, ಅಲ್ಲಿಂದ ಮೂರನೆಯದಕ್ಕೆ ಜಾರಿಬಿಡುತ್ತೇವೆ. ‘ಗೆದ್ದಳು’ ಎಂದು ಆರಂಭಿಸಿ, ‘ಗೆದ್ದಾಳು’ ಎಂದು ಊಹಿಸಿ, ಕೊನೆಗೆ ‘ಅವಳು ಗೆಲ್ಲುವವಳು, ಇವಳು ಸೋಲುವವಳು’ ಎಂದು ಮನುಷ್ಯರಿಗೆ ಹೆಸರಿಟ್ಟುಬಿಡುತ್ತೇವೆ.

ಒಂದೇ ಆಟದಲ್ಲಿ ಮೂರು ಬಗೆಯ ಪಟ್ಟಿ ಇರುವುದನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ವಿಶ್ವ ಶ್ರೇಯಾಂಕ ಈ ವರ್ಷ ಮತ್ತು ಹಿಂದಿನ ಎರಡು ವರ್ಷಗಳ ಸಾಧನೆಯನ್ನು ಎಣಿಸುತ್ತದೆ. ಅದು ನಿರಂತರತೆಗೆ ಮಾನ ಕೊಡುವ ಪಟ್ಟಿ, ಎರಡು ವರ್ಷ ದೂರವಿದ್ದ ಲಿಯುವಿನಂಥವಳಿಗೆ ಅದರಲ್ಲಿ ಎತ್ತರದ ಜಾಗ ಸಿಗುವುದು ಕಷ್ಟ. ಹಂಗಾಮಿನ ಅತ್ಯಧಿಕ ಅಂಕದ ಪಟ್ಟಿ ಒಂದೇ ಒಂದು ಒಳ್ಳೆಯ ದಿನಕ್ಕೆ ಮಾನ ಕೊಡುತ್ತದೆ. ಗ್ರ್ಯಾನ್ ಪ್ರಿ ಪಟ್ಟಿ ಅಂಕವನ್ನು ಬಿಟ್ಟು ಸ್ಥಾನವನ್ನು ಎಣಿಸುತ್ತದೆ. ಮೂರೂ ಸತ್ಯ, ಮೂರೂ ಬೇರೆ ಬೇರೆ. ‘ಯಾರು ಶ್ರೇಷ್ಠರು?’ ಎಂದು ಕೇಳುವವನು ಮೊದಲು ‘ಯಾವುದರಲ್ಲಿ, ಎಲ್ಲಿಯವರೆಗೆ?’ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಸ್ಥಾನ ಎಂಬುದು ಎಷ್ಟು ವಿಚಿತ್ರ ವಸ್ತು ಎಂಬುದಕ್ಕೆ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಸಾಕ್ಷಿ. ಅಂದಿನ ಪದ್ಧತಿಯಲ್ಲಿ ಕಿರು ಪ್ರದರ್ಶನದ ಸ್ಥಾನದ ಅರ್ಧವನ್ನು ದೀರ್ಘ ಪ್ರದರ್ಶನದ ಸ್ಥಾನಕ್ಕೆ ಕೂಡಿಸುತ್ತಿದ್ದರು. ಮೊತ್ತ ಕಡಿಮೆ ಇದ್ದವರು ಮೇಲೆ. ಕೊನೆಯ ಸ್ಪರ್ಧಿ ರಷ್ಯಾದ ಇರೀನಾ ಸ್ಲುಟ್ಸ್ಕಾಯಾ ಇನ್ನೂ ಆಡದಿದ್ದಾಗ ಮಿಶೆಲ್ ಕ್ವಾನ್‌ಳ ಮೊತ್ತ 2.5, ಸಾರಾ ಹ್ಯೂಸ್‌ಳದ್ದು 3. ಅಂದರೆ ಕ್ವಾನ್ ಮುಂದೆ. ಸ್ಲುಟ್ಸ್ಕಾಯಾ ಆಡಿ ದೀರ್ಘ ಪ್ರದರ್ಶನದಲ್ಲಿ ಎರಡನೆಯವಳಾದಳು, ಕ್ವಾನ್ ಮೂರಕ್ಕೆ ಇಳಿದಳು, ಅವಳ ಮೊತ್ತ 3.5 ಆಯಿತು. ಹ್ಯೂಸ್ ಮತ್ತು ಸ್ಲುಟ್ಸ್ಕಾಯಾ ಇಬ್ಬರದ್ದೂ 3 ಆಗಿ, ದೀರ್ಘ ಪ್ರದರ್ಶನ ಗೆದ್ದಿದ್ದ ಹ್ಯೂಸ್‌ಗೆ ಚಿನ್ನ ಬಂತು. ಕ್ವಾನ್ ಮತ್ತು ಹ್ಯೂಸ್ ಇಬ್ಬರೂ ಆಗಲೇ ಆಡಿ ಮುಗಿಸಿ ಕುಳಿತಿದ್ದರು. ಅವರಲ್ಲಿ ಯಾರೂ ಹೆಚ್ಚು ಒಳ್ಳೆಯವರಾಗಲಿಲ್ಲ, ಕೆಟ್ಟವರೂ ಆಗಲಿಲ್ಲ. ಮೂರನೆಯವಳೊಬ್ಬಳ ನಾಲ್ಕು ನಿಮಿಷದಿಂದ ಇವರಿಬ್ಬರ ಹಿಂದುಮುಂದು ಅದಲುಬದಲಾಯಿತು. ಸ್ಥಾನ ನನ್ನೊಳಗಿನ ಗುಣ ಅಲ್ಲ, ನಾನು ಯಾರ ಪಕ್ಕ ನಿಂತಿದ್ದೇನೆ ಎಂಬುದರ ಲೆಕ್ಕ. ಅದನ್ನು ಗುಣವೆಂದು ತಿಳಿದರೆ ಎಡವುತ್ತೇವೆ.

ಇಷ್ಟು ಹೇಳಿದ ಮಾತ್ರಕ್ಕೆ ಪಟ್ಟಿಗಳನ್ನೆಲ್ಲ ಹರಿದುಹಾಕಬೇಕೇ? ಹಾಗೆ ಹೇಳುವವರೂ ಇದ್ದಾರೆ. ಆದರೆ ಅಳತೆ ಇಲ್ಲದ ಕಡೆ ಶಿಫಾರಸು ಬಂದು ಕೂರುತ್ತದೆ. ಅದೇ ಸಾಲ್ಟ್ ಲೇಕ್‌ನಲ್ಲಿ ಜೋಡಿಗಳ ಸ್ಪರ್ಧೆಯಲ್ಲಿ, ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಆರೋಪ ಎದ್ದು ದೊಡ್ಡ ಹಗರಣವಾಯಿತು. ಕೊನೆಗೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆಮೇಲೆಯೇ ಹೊಸ ಪದ್ಧತಿ ಬಂದದ್ದು. ಈಗ ಪ್ರತಿ ಜಿಗಿತಕ್ಕೂ ಮೊದಲೇ ನಿಗದಿಯಾದ ಮೂಲ ಅಂಕ ಉಂಟು. ತೀರ್ಪುಗಾರರು ಅದರ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರ ತನಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಸರಾಸರಿ ತೆಗೆಯುತ್ತಾರೆ. ದೀರ್ಘ ಪ್ರದರ್ಶನದ ಉತ್ತರಾರ್ಧದಲ್ಲಿ, ಕಾಲು ದಣಿದ ಮೇಲೆ ಮಾಡುವ ಕೊನೆಯ ಮೂರು ಜಿಗಿತಗಳಿಗೆ ಮೂಲ ಅಂಕ ಶೇಕಡಾ 10ರಷ್ಟು ಹೆಚ್ಚು. ದೊಡ್ಡ ದೇಶದವಳಾಗಲಿ, ಹೆಸರೇ ಕೇಳದ ಸಣ್ಣ ದೇಶದವಳಾಗಲಿ, ಮಾಡಿದ ಕೆಲಸಕ್ಕೆ ಅದೇ ಬೆಲೆ. ಎಲ್ಲ ದೋಷವೂ ಇದರಿಂದ ಹೋಗಿಲ್ಲ ನಿಜ. ಆದರೂ ಬಡವನಿಗೆ, ಪರಿಚಯವಿಲ್ಲದವನಿಗೆ ನೇರವಾದ ಅಳತೆಗೋಲು ಒಂದು ಆಸರೆ. ಫೈನಲ್‌ಗೆ ಆರು ಜನರನ್ನು ಆರಿಸಲೇಬೇಕು. ಪಟ್ಟಿ ಇಲ್ಲದಿದ್ದರೆ ಯಾರೋ ಒಬ್ಬರ ಇಷ್ಟದಂತೆ ಆರಿಸಬೇಕಾಗುತ್ತದೆ.

ಆದ್ದರಿಂದ ಅಳೆಯುವುದು ತಪ್ಪಲ್ಲ. ಅಳತೆಯ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುವುದು ತಪ್ಪು. 2021ರ ಕೊನೆಯಲ್ಲಿ ಪಟ್ಟಿ ಬರೆದವರಿಗೆ ಸಂದೇಹವೇ ಇರಲಿಲ್ಲ. ರಷ್ಯಾದ ಕಮಿಲಾ ವಲಿಯೇವಾ 272.71 ಅಂಕದ ವಿಶ್ವದಾಖಲೆ ಬರೆದಿದ್ದಳು. ಬೀಜಿಂಗ್ ಚಿನ್ನ ಅವಳದ್ದೇ ಎಂಬ ಮಾತು ಎಲ್ಲೆಡೆ. ವಯಸ್ಸು 15. ಒಲಿಂಪಿಕ್ಸ್ ನಡುವೆಯೇ, ಡಿಸೆಂಬರ್ 25ರಂದು ತೆಗೆದ ಮಾದರಿಯಲ್ಲಿ ನಿಷೇಧಿತ ಮದ್ದು ಪತ್ತೆಯಾದ ಸುದ್ದಿ ಬಂತು. ಕಿರು ಪ್ರದರ್ಶನದಲ್ಲಿ ಮೊದಲಿದ್ದ ಹುಡುಗಿ ದೀರ್ಘ ಪ್ರದರ್ಶನದಲ್ಲಿ ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಆ ಡಿಸೆಂಬರಿನಿಂದ ಅವಳಿಗೆ ನಾಲ್ಕು ವರ್ಷ ನಿಷೇಧ ಹಾಕಿ, ಫಲಿತಾಂಶಗಳನ್ನೂ ರದ್ದು ಮಾಡಿತು. ನಿಯಮ ನಿಯಮವೇ. ಆದರೆ ಹದಿನೈದರ ಮಗುವಿನ ತಲೆಯ ಮೇಲೆ ನಡುಹಂಗಾಮಿನಲ್ಲೇ ಕಿರೀಟ ಇಟ್ಟವರು ದೊಡ್ಡವರು, ಅದು ಬಿದ್ದಾಗ ಕ್ಯಾಮೆರಾ ಹಿಡಿದು ನಿಂತವರೂ ದೊಡ್ಡವರು. ಒಕ್ಕೂಟ 2022ರಲ್ಲಿ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 15ರಿಂದ ಹಂತ ಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಮಕ್ಕಳನ್ನು ಅಳೆಯಲು ತಡಮಾಡಬೇಕೆಂಬ ವಿವೇಕ ಅಷ್ಟರ ಮಟ್ಟಿಗೆ ಬಂತು.

‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಎಂಬ ಗಾದೆಯೂ ನಮ್ಮಲ್ಲಿದೆ. ಮೊಳಕೆ ನೋಡಿ ಸಂತೋಷಪಡಬಹುದು, ನೀರೆರೆಯಬಹುದು. ಮೊಳಕೆಯನ್ನೇ ಕಿತ್ತು ತಕ್ಕಡಿಗೆ ಹಾಕಿದರೆ ಬೆಳೆಯೂ ಇಲ್ಲ, ಸಿರಿಯೂ ಇಲ್ಲ.

ಇನ್ನೊಂದು ತಪ್ಪೂ ಇದೆ, ಅದು ಮೊದಲಿನದರಷ್ಟು ಕಣ್ಣಿಗೆ ಬೀಳುವುದಿಲ್ಲ. ನಡುವನ್ನು ಕೊನೆ ಎಂದು ತಿಳಿಯುವುದು ತಪ್ಪಾದರೆ, ಕೊನೆಯನ್ನೇ ಎಲ್ಲವೂ ಎಂದು ತಿಳಿಯುವುದೂ ತಪ್ಪು. ಬಾಸ್ಟನ್‌ನಲ್ಲಿ ಐದನೆಯವಳಾದ ಮಾತ್ರಕ್ಕೆ ಅಂಬರ್ ಗ್ಲೆನ್‌ಳ ಡಿಸೆಂಬರ್ ಅಳಿಸಿಹೋಗುವುದಿಲ್ಲ. 25ರ ವಯಸ್ಸಿನಲ್ಲಿ, ಅನೇಕರು ಆಟ ಬಿಟ್ಟ ಮೇಲೆ, ಅವಳು ಗ್ರೆನೋಬಲ್‌ನಲ್ಲಿ ನಿಜವಾಗಿಯೂ ಗೆದ್ದಿದ್ದಳು. ಚಿನ್ನ ಗೆದ್ದ ಲಿಯುವಿಗೂ ಮಾರ್ಚ್ ಕೊನೆಯಲ್ಲ, ಜುಲೈ 1ಕ್ಕೆ ಎಲ್ಲರ ಲೆಕ್ಕವೂ ಮತ್ತೆ ಸೊನ್ನೆಯಿಂದ. ಹಾಗೆ ನೋಡಿದರೆ ನಾವು ಕೊಡುವ ಪ್ರತಿಯೊಂದು ರ್‍ಯಾಂಕೂ ನಡುದಾರಿಯದ್ದೇ. ಬದುಕಿರುವವರನ್ನು ಅಳೆಯುವಾಗ ಬೇರೆ ದಾರಿ ನಮಗಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ನಮ್ಮ ಮನೆಗಳಿಗೂ ಬರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತೊಂದು ಭಾಷೆ, ಬೀದಿಯಲ್ಲಿ ಮೂರನೆಯದು ಎಂದು ಓದುವ ಗಡಿನಾಡಿನ ಮಕ್ಕಳ ಕೈಯಲ್ಲಿ ಅದು ಬರುತ್ತದೆ. ಅದನ್ನು ನೋಡಬಾರದು ಎಂದು ನಾನು ಹೇಳುತ್ತಿಲ್ಲ. ನೋಡಿ, ಗಣಿತದಲ್ಲಿ ಎಷ್ಟು ಕಡಿಮೆ ಬಂದಿದೆ ಎಂದು ಕೇಳಿ, ಕೂರಿಸಿಕೊಂಡು ಹೇಳಿಕೊಡಿ. ‘ಈ ಸಲ ಕಡಿಮೆ ತೆಗೆದಿದ್ದೀಯ’ ಎಂಬುದು ದಾಖಲೆಯ ಮಾತು, ಮಗು ಅದನ್ನು ತಾಳಿಕೊಂಡೀತು. ‘ನೀನು ದಡ್ಡ’ ಎಂಬುದು ಯಾವ ಅಂಕಪಟ್ಟಿಯಲ್ಲೂ ಬರೆದಿಲ್ಲ, ಅದನ್ನು ಸೇರಿಸುವವರು ನಾವು. ಪಕ್ಕದ ಮನೆಯ ಮಗುವನ್ನು ತಂದು ಹೋಲಿಸುವ ಮೊದಲು ಕ್ವಾನ್, ಹ್ಯೂಸ್ ಇಬ್ಬರ ಕಥೆ ನೆನಪಿಗೆ ಬರಲಿ. ಅಂಕಪಟ್ಟಿಗೆ ಸಹಿ ಹಾಕಿ ಮಗುವಿನ ಕೈಗೆ ಮರಳಿಸುವಾಗ ನಮ್ಮ ಬಾಯಿಂದ ಬರುವ ಮಾತು ಅದರಲ್ಲಿರುವ ಅಂಕಿಯಷ್ಟೇ ಉದ್ದವಿದ್ದರೆ ಸಾಕು.