ಓವರಿನ ನಡುವೆ ಮಾತು

2011ರ ಡಿಸೆಂಬರ್. ಬ್ರಿಸ್ಬೇನಿನ ಬಿಗ್ ಬ್ಯಾಷ್ ಪಂದ್ಯದಲ್ಲಿ ಶೇನ್ ವಾರ್ನ್ ಮೈಕ್ ಧರಿಸಿಯೇ ಬೌಲಿಂಗ್ ಮಾಡುತ್ತಿದ್ದರು. ಬ್ರೆಂಡನ್ ಮೆಕಲಮ್‌ಗೆ ಎಂಥ ಎಸೆತ ಹಾಕಲಿದ್ದೇನೆಂದು ವೀಕ್ಷಕ ವಿವರಣೆಗಾರರಿಗೆ ಮೊದಲೇ ಹೇಳಿ, ಮರು ಎಸೆತಕ್ಕೇ ಅವರನ್ನು ಬೌಲ್ಡ್ ಮಾಡಿದರು. ಟಿವಿ ಮುಂದಿದ್ದವರಿಗೆ ಅದು ಹಬ್ಬ.

ಆದರೆ ದುಡಿಯುವವರನ್ನು ದುಡಿಮೆಯ ನಡುವೆಯೇ ಮಾತಾಡಿಸಬಹುದೆ? ಬಸವಣ್ಣನವರ ನೆಲಕ್ಕೆ ಆ ಪ್ರಶ್ನೆ ಹೊಸತಲ್ಲ. 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ನಿಲುವು ಕಟ್ಟುನಿಟ್ಟಿನದು: ಕಾಯಕದಲ್ಲಿ ತೊಡಗಿದವನು ಗುರುದರ್ಶನ, ಲಿಂಗಪೂಜೆಗಳನ್ನೂ ಮರೆಯಬೇಕು. ಗುರುವೇ ಕಾಯಬೇಕಾದಲ್ಲಿ ಸಂದರ್ಶಕ ಕಾಯಲಾರನೆ?

ವಾರ್ನ್‌ಗೆ ಮಾತೂ ಬೌಲಿಂಗಿನ ಭಾಗವೇ ಆಗಿತ್ತು, ಒಪ್ಪೋಣ. ಎಲ್ಲರೂ ವಾರ್ನ್ ಅಲ್ಲ.

1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಶಾ ಕೋಟ್ಲಾ. ಪಾಕಿಸ್ತಾನದ ಎರಡನೇ ಇನಿಂಗ್ಸಿನ ಮೊದಲ ಒಂಬತ್ತೂ ವಿಕೆಟ್ ಬೆಂಗಳೂರಿನ ಅನಿಲ್ ಕುಂಬ್ಳೆ ಅವರ ಪಾಲಾಗಿದ್ದವು. ಇನ್ನೊಂದು ತುದಿಯಿಂದ ಮೈಸೂರಿನ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದರು, ಕೊನೆಯ ವಿಕೆಟ್ ತಮಗೆ ಬರದಿರಲಿ ಎಂದು. ಆ ಓವರಿನ ನಡುವೆ ಯಾರಾದರೂ ಮೈಕ್ ಒಡ್ಡಿದ್ದರೆ, ಬಿಟ್ಟುಕೊಡುವ ಮುನ್ನವೇ ತ್ಯಾಗದ ಘೋಷಣೆಯಾಗಿ ಅದರ ಘನತೆ ಕರಗುತ್ತಿತ್ತು. ಮುಂದೆ ವಾಸೀಂ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಕುಂಬ್ಳೆ 74 ರನ್ನಿಗೆ 10 ವಿಕೆಟ್ ಪೂರೈಸಿದರು.