ಫೋಟೋದ ಹಿಂದಿನ ಬರಹ

ಶಿರೂರಿನ ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಫೋಟೋಗಳಿವೆ. 1989ರಲ್ಲಿ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ತೆಗೆಸಿದವು. ಹರಳಿನಂತೆ ಮುಖಮುಖವಾಗಿ ಕೊರೆದ ನೀಲಿ ಗುಂಡಿನ ಮುಂದೆ ನಾವೂ ತಂಗಿಯೂ ನಿಂತಿದ್ದೇವೆ. ಹಿಂದೆ ತೀರ್ಥರೂಪರ ಅಕ್ಷರ: "ಆರ್ಯಭಟ ಉಪಗ್ರಹದ ಎದುರು ಮಕ್ಕಳು."

ಈಚೆಗೆ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಇವನ್ನು ಕೇಳಿದಳು. ತಿರುಗಿಸಿ ಓದಿದವಳೇ, "ಅಜ್ಜ ಸುಳ್ಳು ಬರೆದಿದ್ದಾರಲ್ಲ ಅಪ್ಪ?" ಎಂದಳು.

ಅವಳ ಲೆಕ್ಕ ಸರಿಯೇ. ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ, 360 ಕಿಲೋ ತೂಕದ, 26 ಮುಖಗಳ ಆರ್ಯಭಟ 1975ರ ಏಪ್ರಿಲ್ 19ರಂದೇ ಸೋವಿಯತ್ ರಾಕೆಟ್ಟಿನಲ್ಲಿ ಹೊರಟುಹೋಗಿತ್ತು. ನಾವು ಹುಟ್ಟಿದ್ದೇ ಆಮೇಲೆ. ಮುಟ್ಟಿ ನೋಡಿದ್ದು ತಗಡಿನದೋ ಹಲಗೆಯದೋ ಒಂದು ಮಾದರಿ. ಆದರೂ ಎರಡು ರೂಪಾಯಿ ನೋಟಿನ ಹಿಂಬದಿಯ ಚಿತ್ರ ತೋರಿಸಿ "ಇದನ್ನು ಮುಟ್ಟಿದ್ದೇವೆ" ಎಂದು ಹೈಸ್ಕೂಲಿನುದ್ದಕ್ಕೂ ಜಂಬ ಕೊಚ್ಚಿದ್ದೇವೆ. ಬಿ.ಎಸ್ಸಿ.ಗೆ ಭೌತಶಾಸ್ತ್ರ ಹಿಡಿದದ್ದಕ್ಕೂ ಅದೇ ಕಾರಣ. (ಕೊನೆಗೆ ಕೈಗೆ ಬಂದದ್ದು ಕೇಂದ್ರ ಸರ್ಕಾರದ ಕಡತಗಳು, ಆ ಮಾತು ಬೇರೆ.)

ಮಾದರಿಯೆಂದರೆ ಸುಳ್ಳೇ? ತೇರಿನಲ್ಲಿ ಬರುವುದು ಉತ್ಸವಮೂರ್ತಿ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಬರುವುದಿಲ್ಲ. ಹಾಗೆಂದು ಯಾರೂ ಕೈಮುಗಿಯದೆ ಹೋಗುವುದಿಲ್ಲ. ಉಪಗ್ರಹಕ್ಕೂ ಹಾರುವ ಮುನ್ನ ಮಾದರಿಗಳುಂಟು. ಅಲುಗಾಟ, ಕಾವು, ಚಳಿಗಳ ಪೆಟ್ಟನ್ನು ಮೊದಲು ತಿನ್ನುವವು ಅವೇ. ಇದನ್ನೇ ಮಗಳಿಗೆ ಹೇಳಹೊರಟೆವು, ಬಾಯಿ ಬರಲಿಲ್ಲ. ನಾವು ಕಂಡದ್ದು ಪೆಟ್ಟು ತಿಂದ ಮಾದರಿಯಲ್ಲ, ನೋಟಕ್ಕೆಂದೇ ಮಾಡಿದ್ದು. ಮೇಲಾಗಿ, ಉತ್ಸವಮೂರ್ತಿಯನ್ನು ಮೂಲವಿಗ್ರಹವೆಂದು ಹೇಳಿ ಯಾವ ಅರ್ಚಕರೂ ತೋರಿಸುವುದಿಲ್ಲ.

ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಿದ್ದ ಅಪ್ಪನಿಗೆ ಗೊತ್ತಿರಲೇಬೇಕು. ಕೇಳೋಣವೆಂದರೆ ಅವರು ಹೋಗಿ ಆರು ವರ್ಷ. "ಇದು ಬರಿಯ ಮಾದರಿ" ಎಂದಿದ್ದರೆ ಒಂಬತ್ತು ವರ್ಷದ ನಾವು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಅವರ ಆ ಮಾತಿನಿಂದ ಲಾಭ ಪಡೆದವರು ನಾವು. ಈಗ ತೀರ್ಪು ಕೊಡುವುದು ಕೃತಘ್ನತೆಯೆನಿಸುತ್ತದೆ. ಆದರೆ ಗೊತ್ತಿದ್ದೂ ಅದನ್ನೇ ಮಗಳ ಕೈಗೆ ದಾಟಿಸಿದರೆ ಆ ಸುಳ್ಳು ಅಪ್ಪನದಾಗಿ ಉಳಿಯುವುದಿಲ್ಲ, ನಮ್ಮದಾಗುತ್ತದೆ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆವು. ಹಾರಿದ ನಾಲ್ಕೈದು ದಿನಗಳಲ್ಲೇ ವಿದ್ಯುತ್ ದೋಷದಿಂದ ಆರ್ಯಭಟದ ಪ್ರಯೋಗಗಳು ನಿಂತವು. ಆದರೆ ಅದು ಸುತ್ತುತ್ತಲೇ ಇದ್ದು, ವಾತಾವರಣಕ್ಕೆ ಮರಳಿದ್ದು 1992ರ ಫೆಬ್ರವರಿಯಲ್ಲಿ. ಎಂದರೆ, ಆ ಫೋಟೋ ತೆಗೆದ ದಿನ ನಿಜವಾದ ಆರ್ಯಭಟ ನಮ್ಮ ತಲೆಯ ಮೇಲೆಲ್ಲೋ ಇತ್ತು. ಅವಳು ಕ್ಷಣಹೊತ್ತು ಸೂರು ನೋಡಿದಳು.

ಆಮೇಲೆ ಚೀಟಿಯ ಮೇಲೆ ಮರಾಠಿಯಲ್ಲಿ "ಪ್ರತಿಕೃತಿ" ಎಂದು ಬರೆದು ಫೋಟೋದ ಕೆಳಗಿಟ್ಟಳು. ಗೋಂದು ಹಚ್ಚಬೇಡ, ರಟ್ಟಿಗೆ ಮೂಲೆಗಳನ್ನಷ್ಟೇ ಸಿಕ್ಕಿಸು, ಹಿಂದಿನ ಅಕ್ಷರ ಹಾಳಾದೀತು ಎಂದೆವು.