ಉಳಿದ ಒಂದು ಗುಂಡು

ಕಾರ್ಮ್ಯಾಕ್ ಮೆಕಾರ್ಥಿಯ 'ದ ರೋಡ್' (2006) ಮುಂದೇನಾದೀತೋ ಎಂಬ ಆತಂಕದಲ್ಲಿಯೇ ಓದುಗನನ್ನು ಕೊನೆಯವರೆಗೂ ನಡೆಸಿಕೊಂಡು ಹೋಗುವ ಕಾದಂಬರಿಯಾದರೂ, ಆ ಆತಂಕದ ಆಳದಲ್ಲಿ ಒಂದು ಧಾರ್ಮಿಕ ಪ್ರಶ್ನೆಯಿದೆ: ಆಜ್ಞಾಪಿಸುವ ದೇವರ ದನಿಯೂ ತಪ್ಪನ್ನು ತಪ್ಪೆನ್ನುವ ಸಮಾಜವೂ ಇಲ್ಲವಾದಾಗ ಧರ್ಮವು ಯಾವುದನ್ನು ಆತುಕೊಂಡು ನಿಲ್ಲುತ್ತದೆ? ಕಾರಣ ಹೇಳದ ಮಹಾವಿನಾಶವೊಂದರಿಂದ ಬೂದಿ ಮುಸುಕಿದ ಅಮೆರಿಕದಲ್ಲಿ ಹೆಸರಿಲ್ಲದ ತಂದೆಯೊಬ್ಬನು ಎಳೆಯ ಮಗನೊಡನೆ ದಕ್ಷಿಣದ ಕಡಲಿನತ್ತ ನಡೆಯುತ್ತಾನೆ. ತಾಯಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡಿದ್ದಾಳೆ, ಆದರೆ ದಾರಿಯುದ್ದಕ್ಕೂ ನರಭಕ್ಷಕರ ಗುಂಪುಗಳಿರುವುದರಿಂದ ಆ ಶೋಕವನ್ನು ಆಡಿ ಹಗುರಾಗುವ ಬಿಡುವು ಇಬ್ಬರಿಗೂ ಇಲ್ಲ.

ಆರಂಭದಲ್ಲಿ ತಂದೆಯ ಪಿಸ್ತೂಲಿನಲ್ಲಿ ಎರಡು ಗುಂಡುಗಳಿದ್ದು, ಮಗನ ಕೊರಳಿಗೆ ಚಾಕು ಹಿಡಿದವನ ಮೇಲೆ ಒಂದು ವೆಚ್ಚವಾದ ನಂತರ ಉಳಿಯುವುದು, ಸೆರೆಸಿಕ್ಕುವ ಗಳಿಗೆ ಬಂದರೆ, ಮಗನಿಗೇ ಮೀಸಲು. ಬೈಬಲಿನ ಆದಿಕಾಂಡದ 22ನೆಯ ಅಧ್ಯಾಯದಲ್ಲಿ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಹೊರಡುವುದು ದೇವರ ಆಜ್ಞೆಯಿಂದ, ಎತ್ತಿದ ಕೈಯನ್ನು ತಡೆಯುವುದು ದೇವದೂತನ ಕರೆ. 1843ರಲ್ಲಿ ಡೆನ್ಮಾರ್ಕಿನ ತತ್ತ್ವಜ್ಞ ಕಿರ್ಕೆಗಾರ್ಡ್ ಈ ಪ್ರಸಂಗವನ್ನು ನೀತಿಯ ಅಮಾನತು, ಅಂದರೆ ಎಲ್ಲರಿಗೂ ಸಲ್ಲುವ ನಿಯಮವು ಶ್ರದ್ಧೆಯ ಮುಂದೆ ತಡೆಹಿಡಿಯಲ್ಪಡುವ ಸ್ಥಿತಿ, ಎಂಬ ನೆಲೆಯಲ್ಲಿ ವಿವೇಚಿಸಿದನು. ಮೆಕಾರ್ಥಿಯ ತಂದೆಗೆ ಆಜ್ಞೆಯೂ ಇಲ್ಲ, ತಡೆಯುವ ಕರೆಯೂ ಇಲ್ಲ. ಸಾಯುವ ಹೊತ್ತಿನಲ್ಲಿ ಅವನು ಮಗನನ್ನು ಕೊಲ್ಲಲಾರದೆ ಹೋಗುವುದು ವಾತ್ಸಲ್ಯದ ಬಲದಿಂದ ಮಾತ್ರ, ಮತ್ತು ಆ ವಾತ್ಸಲ್ಯವನ್ನು ಅಬ್ರಹಾಮನ ಶ್ರದ್ಧೆಗಿಂತ ಕಿರಿದೆನ್ನಲು ಮನಸ್ಸು ಒಪ್ಪುವುದಿಲ್ಲ.

ಮಗನ ತಲೆಗೂದಲಿಗೆ ಸಿಡಿದ ಸತ್ತವನ ಮಿದುಳನ್ನು ತೊಳೆಯುವಾಗ ತಂದೆಗೆ ಅದು ಅಭಿಷೇಕದಂತೆ, ಎಂದರೆ ಯೆಹೂದಿ ಮತ್ತು ಕ್ರೈಸ್ತ ಪರಂಪರೆಗಳಲ್ಲಿ ತೈಲವೆರೆದು ಒಬ್ಬನನ್ನು ದೇವರಿಗೆ ಮೀಸಲಿಡುವ ಆಚರಣೆಯಂತೆ, ತೋರುತ್ತದೆ. ಆದರೆ ದೈವವನ್ನು ಒಬ್ಬ ಮಗನಲ್ಲಷ್ಟೇ ಕಂಡವನ ಕಣ್ಣಿಗೆ ಉಳಿದ ಮನುಷ್ಯರೆಲ್ಲ ಅಪಾಯಗಳೇ ಆಗಿಬಿಡುತ್ತಾರೆ. ಕಡಲತೀರದಲ್ಲಿ ತಮ್ಮ ಸಾಮಾನನ್ನು ಕದ್ದವನ ಬಟ್ಟೆಬೂಟುಗಳನ್ನೆಲ್ಲ ಕಳಚಿಸಿ, ಚಳಿಯಲ್ಲಿ ಬತ್ತಲೆ ನಿಲ್ಲಿಸಿ ತಂದೆ ಹೊರಟಾಗ ಮಗ ಅಳುತ್ತಾನೆ. ಎಲ್ಲದರ ಚಿಂತೆ ಹೊರಬೇಕಾದವನು ನೀನಲ್ಲವೆಂದು ತಂದೆ ಗದರಿದರೆ, ಹೊರಬೇಕಾದವನು ತಾನೇ ಎನ್ನುತ್ತಾನೆ. ಅವನ ಅಳುವಿಗೆ ಮಣಿದು ಹಿಂದಿರುಗಿದರೆ ಕಳ್ಳನು ಸಿಗುವುದಿಲ್ಲ, ಬಟ್ಟೆಗಳನ್ನು ರಸ್ತೆಯ ಮೇಲಿಟ್ಟು ಕಲ್ಲು ಹೇರಿ ಬರಬೇಕಾಗುತ್ತದೆ. ತಂದೆಯ ಪ್ರೀತಿಯಿಂದಲೇ ಬೆಳೆದ ಮಗನ ಕರುಣೆಯು ತಂದೆಯನ್ನು ಮೀರಿಸಿ ಅಪರಿಚಿತನವರೆಗೆ ಚಾಚಿಕೊಳ್ಳುವ ಈ ಸಂದರ್ಭವೇ ಕೃತಿಯ ಹೃದಯವಾಗಿದೆ.

ತಂದೆ ತೀರಿಕೊಂಡ ಮೇಲೆ ಆಶ್ರಯ ಕೊಟ್ಟ ಕುಟುಂಬದ ಹೆಂಗಸು ದೇವರ ಬಗ್ಗೆ ಮಾತನಾಡುವಾಗ ಹುಡುಗನು ಪ್ರಾರ್ಥಿಸಲು ಯತ್ನಿಸುತ್ತಾನೆ, ಆದರೆ ಅವನಿಗೆ ಒದಗಿಬರುವುದು ತಂದೆಯೊಡನೆ ಮಾತನಾಡುವುದೇ, ಮತ್ತು ಆ ಹೆಂಗಸು ಅದನ್ನು ತಪ್ಪೆನ್ನುವುದಿಲ್ಲ.